ಬುಧವಾರದ ಕೂಸಿನ ಆಟ

ನಮ್ಮೂರಿನ ಟಾಕೀಸಿನಲ್ಲಿ ಬುಧವಾರ ಬೆಳಗಿನ ಹತ್ತೂವರೆಯ ಆಟಕ್ಕೆ ಕೂಸಿನ ಆಟ ಎಂದು ಹೆಸರು. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಆಟ ಶುರು ಹತ್ತೂವರೆಗೆ, ಬಿಡುವುದು ಕೂಸುಗಳ ಚಿತ್ತ' ಎಂದು ಬರೆದಿರುತ್ತಿತ್ತು. ಕೂಸು ಅತ್ತರೆ ಪರದೆಯ ಮೇಲಿನವರಿಗೆ ಕೇಳಿಸುತ್ತಿತ್ತು. ಕೇಳಿಸಿದ ಕೂಡಲೇ ಅವರು ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಮುಂದಕ್ಕೆ ಬಂದು ಸಮಾಧಾನ ಮಾಡುತ್ತಿದ್ದರು. ಕುದುರೆಯ ಮೇಲಿದ್ದವರು ಇಳಿದು ಬರುತ್ತಿದ್ದರು. ಕೊನೆಯುಸಿರು ಎಳೆಯುತ್ತಿದ್ದವರು ಎದ್ದು ಕೂರುತ್ತಿದ್ದರು. ಕೂಸು ಸುಮ್ಮನಾದ ಮೇಲೆ ಪಿಕ್ಚರು ಮುಂದುವರಿಯುತ್ತಿತ್ತು ನಿಜ, ಆದರೆ ನಿಂತ ದೃಶ್ಯದಲ್ಲಿ ಉಳಿದದ್ದು ಹೋದಂತೆಯೇ; ಮುಂದಿನ ದೃಶ್ಯದಿಂದ ಶುರು. ಹಾಗಾಗಿ ಬುಧವಾರದವರು ಯಾರೂ ಒಂದು ಪಿಕ್ಚರನ್ನು ಇಡಿಯಾಗಿ ಕಂಡವರಲ್ಲ. ಒಂದು ವಾರ ಮದುವೆ ತಪ್ಪಿದರೆ ಇನ್ನೊಂದು ವಾರ ಕೊಲೆ ತಪ್ಪುತ್ತಿತ್ತು. "ನಿಮ್ಮ ವಾರದಲ್ಲಿ ಅಪ್ಪ ಸತ್ತನೇನೇ?" ಎಂದು ಹೆಂಗಸರು ನಲ್ಲಿಯ ಹತ್ತಿರ ಕೇಳಿಕೊಳ್ಳುತ್ತಿದ್ದರು. "ಇಲ್ಲ ಕಣೆ, ಸಾಯೋದು ನೋಡ್ಲೇ ಇಲ್ಲ, ಸೀದಾ ತಿಥಿ ಊಟಕ್ಕೇ ಕೂತ್ಕೊಂಡ್ರು."

ಪರದೆಯವರಿಗೆ ಒಂದು ತೊಡಕಿತ್ತು. ಆ ಪಿಕ್ಚರಿನಲ್ಲಿ ಯಾರಿಗೆ ಯಾವ ಮಾತು ಕೊಟ್ಟಿದ್ದಾರೋ ಅಷ್ಟೇ ಅವರ ಬಾಯಲ್ಲಿ ಬರುತ್ತಿದ್ದದ್ದು. ಕೂಸಿನ ಸಮಾಧಾನವೂ ಆ ಮಾತಿನಲ್ಲೇ ಆಗಬೇಕು. ನ್ಯಾಯಾಧೀಶರು ಸುತ್ತಿಗೆಯಿಂದ ಮೇಜನ್ನು ಮೆಲ್ಲಗೆ ಟಕಟಕ ಬಡಿದು "ಆರ್ಡರ್, ಆರ್ಡರ್" ಎಂದು ರಾಗವಾಗಿ ಹೇಳುವರು. ಡಾಕ್ಟರು ಸ್ಟೆತಾಸ್ಕೋಪನ್ನು ಗಿಲಕಿಯಂತೆ ಆಡಿಸುತ್ತಾ "ಇನ್ನು ಇಪ್ಪತ್ನಾಲ್ಕು ಗಂಟೆ ಏನೂ ಹೇಳಕ್ಕಾಗಲ್ಲ" ಎನ್ನುವರು. ಅದನ್ನು ಕೇಳಿ ಮಕ್ಕಳು ಸುಮ್ಮನಾದರೂ ತಾಯಂದಿರ ಎದೆ ಧಸಕ್ಕೆನ್ನುತ್ತಿತ್ತು. ಎಲ್ಲರಿಗಿಂತ ಕೆಲಸಕ್ಕೆ ಬರುತ್ತಿದ್ದವರು ಖಳನಾಯಕರು. "ನನ್ನ ಕೈಯಿಂದ ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತೀಯಾ?" ಎಂದು ದೊಡ್ಡ ಮೀಸೆಯಾತ ಕಣ್ಣರಳಿಸಿ ಮುಂದೆ ಬಾಗಿದರೆ ಎಂಥ ಹಠಮಾರಿ ಕೂಸೂ ಕಿಲಕಿಲ ನಗುತ್ತಿತ್ತು.

ಇನ್ನೂ ಹಲ್ಲು ಮೂಡದ ಕೂಸಿನ ಅಳು ಮಾತ್ರ ಅವರಿಗೆ ಕೇಳುವುದು. ಹಲ್ಲು ಉದುರಿದ ಮುದುಕರು ಅತ್ತು ನೋಡಿದ್ದೂ ಉಂಟು, ನಡೆಯಲಿಲ್ಲ. ಹಲ್ಲು ಬಂದ ಕೂಸನ್ನು ಒಳಗೆ ಬಿಟ್ಟರೆ ಅದು ಕಿರುಚುತ್ತಲೇ ಇರುತ್ತದೆ, ಪಿಕ್ಚರು ಓಡುತ್ತಲೇ ಇರುತ್ತದೆ, ಉಳಿದವರಿಗೆ ಪಿಕ್ಚರಿನ ಒಂದು ಮಾತೂ ಕೇಳುವುದಿಲ್ಲ. ಆದ್ದರಿಂದ ಗೇಟಿನಲ್ಲಿ ಅಂದಾನಪ್ಪ ಎಂಬ ಹಿರಿಯರು ಬಿಸಿನೀರಿನ ಚೊಂಬು ಇಟ್ಟುಕೊಂಡು, ಬೆರಳು ತೊಳೆದು, ಪ್ರತಿ ಕೂಸಿನ ವಸಡನ್ನೂ ಮುಟ್ಟಿ ನೋಡುತ್ತಿದ್ದರು. ನುಣ್ಣಗಿದ್ದರೆ "ಪಾಸು." ಏನಾದರೂ ಚುಚ್ಚಿದರೆ "ಅಕ್ಕಿಕಾಳು!" ಎಂದು ಜೋರಾಗಿ ಕೂಗುವರು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುವರು, ಆ ತಾಯಿ ನಗುತ್ತಲೋ ಅಳುತ್ತಲೋ ಮನೆಗೆ ತಿರುಗುವಳು. ಉಳಿದ ಆಟಗಳಿಗೆ ಕಂಕುಳ ಕೂಸನ್ನು ಬಿಡುವುದಿಲ್ಲವಾದ್ದರಿಂದ, ಅಲ್ಲಿಂದ ಮುಂದೆ ಅವಳಿಗೆ ಎರಡು ವರ್ಷ ಪಿಕ್ಚರಿಲ್ಲ.

ನಾನು ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಬಂದಾಗ ನನ್ನ ಮಗಳು ಹೊನ್ನಿಗೆ ಮೂರು ತಿಂಗಳು ತುಂಬಿತ್ತು. ಹೊನ್ನಿ ಅಳುವ ಕೂಸು. ಎಲ್ಲ ಕೂಸೂ ಅಳುತ್ತದೆ ಎಂದು ಹೇಳುವವರು ಅವಳ ಅಳುವನ್ನು ಕೇಳಿದವರಲ್ಲ. ದೀಪ ಹಚ್ಚುವ ಹೊತ್ತಿಗೆ ಶುರುವಾದರೆ ಊಟದ ಹೊತ್ತಿನ ತನಕ ಒಂದೇ ಸಮ. ನಮ್ಮತ್ತೆ ಪುಟ್ಟಗೌರಮ್ಮ ಬಜೆ ತೇಯ್ದು ನೆಕ್ಕಿಸಿದರು, ಓಮದ ನೀರು ಕುಡಿಸಿದರು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನನ್ನ ಗಂಡ ಶಿವನಂಜ, ಮಸಿ ಹಿಡಿದ ಉಗುರುಗಳ ಕೈಯಲ್ಲಿ ಅವಳನ್ನೆತ್ತಿಕೊಂಡು ಅಂಗಳದಲ್ಲಿ ಸುತ್ತು ಹಾಕುತ್ತಿದ್ದರು. ಅವರ ಹೆಗಲ ಮೇಲೆ ಒಂದಿಷ್ಟು ಹೊತ್ತು ಸುಮ್ಮನಾಗುತ್ತಿದ್ದಳು. ಅತ್ತೆಯ ಮಡಿಲಲ್ಲೂ ಒಂದೊಂದು ಸಲ. ನಾನು ಎತ್ತಿಕೊಂಡರೆ ಮಾತ್ರ ಸ್ವರ ಏರುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎಲ್ಲರಿಗೂ ಕೇಳಿಸುತ್ತಿತ್ತು. ಈ ಕೂಸಿಗೆ ನಾನು ಬೇಡ ಎಂಬ ಮಾತು ನನ್ನೊಳಗೆ ಮೊದಲು ಅನುಮಾನವಾಗಿ ಬಂದು, ಆಮೇಲೆ ಮನೆಯವರ ಹಾಗೆ ಕಾಲು ಚಾಚಿ ಕೂತುಬಿಟ್ಟಿತು.

"ಬುಧವಾರ ಪ್ರೆಸ್ಸಿಗೆ ರಜ. ಪಿಕ್ಚರಿಗೆ ಹೋಗೋಣ ನಡಿ," ಎಂದರು ಶಿವನಂಜ ಒಂದು ದಿನ.

"ಇವಳನ್ನ ಕರ್ಕೊಂಡಾ?" ಎಂದೆ.

"ಇವಳನ್ನ ಕರ್ಕೊಂಡ್ರೇನೇ ಒಳಗೆ ಬಿಡೋದು. ಇಲ್ದಿದ್ರೆ ನಮ್ಮಿಬ್ಬರ ಬಾಯಿಗೆ ಅಂದಾನಪ್ಪ ಬೆರಳು ಹಾಕ್ತಾರಾ?"

ಎಂಟು ತಿಂಗಳಿನಿಂದ ಪೆಟ್ಟಿಗೆಯಲ್ಲಿದ್ದ ನೀಲಿ ಸೀರೆ ಉಟ್ಟೆ. ರವಿಕೆಯ ಎರಡು ಗುಂಡಿ ಹಾಕಲಾಗಲಿಲ್ಲ, ಸೆರಗು ಹೊದ್ದುಕೊಂಡೆ. ಒಳಗೆ ಕೂತು ದೀಪ ಆರಿದ ಮೇಲೆ ನನಗಾದ ಸುಖವನ್ನು ಈಗಲೂ ನೆನೆಸಿಕೊಳ್ಳಬಲ್ಲೆ. ಯಾರೂ ನನ್ನ ಮುಖ ನೋಡುತ್ತಿಲ್ಲ. ಹಾಲು ಸಾಲುತ್ತಾ, ನಿದ್ದೆ ಆಯಿತಾ, ತಲೆಗೆ ಎಣ್ಣೆ ಹಾಕಿದೆಯಾ, ಯಾರೂ ಕೇಳುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ಜುಬೇದಾ ಕೂತಿದ್ದಳು. ಅವಳದು ಮೂರನೆಯ ಬಾಣಂತನ, ಅದೂ ಅವಳಿ ಮಕ್ಕಳು. ಟಾಕೀಸಿನ ಆ ಸಾಲಿಗೆಲ್ಲ ಅವಳೇ ಯಜಮಾನಿ. "ಹೊಸಬಳಾ? ಒಂದು ಮಾತು ತಿಳ್ಕೋ," ಎಂದಳು. "ಹೀರೋನ ನೆಚ್ಕೋಬೇಡ. ಕೂಸು ಅತ್ರೆ ಅವನು ಮೊದಲು ಕ್ರಾಪು ಸರಿ ಮಾಡ್ಕೋತಾನೆ."

ಅದು ಅಣ್ಣತಮ್ಮಂದಿರ ಪಿಕ್ಚರು. ದೊಡ್ಡ ಮನೆ, ವಿಧವೆ ಯಜಮಾನಿ, ಅವಳ ಇಬ್ಬರು ಗಂಡುಮಕ್ಕಳು, ಆಸ್ತಿಯ ಮೇಲೆ ಕಣ್ಣಿಟ್ಟ ಸೋದರಮಾವ. ನಡುಮನೆಯಲ್ಲಿ ಪಾಲಿನ ಜಗಳ ನಡೆಯುತ್ತಿದ್ದಾಗ ಯಜಮಾನಿ ಒಳಗೆ ತಿರುಗಿ "ಏಯ್, ಕಾಫಿ!" ಎಂದು ಕೂಗಿದಳು. ಒಳಗಿನಿಂದ "ಬಂದೆ ಅಮ್ಮಾವ್ರೆ" ಎಂದು ಒಂದು ದನಿ ಬಂತು. ಅಷ್ಟಕ್ಕೇ ಹೊನ್ನಿ ಬಾಯಿ ತೆರೆದಳು.

ಜಗಳ ನಿಂತಿತು. ಮೊದಲು ಮಾವ ಮುಂದೆ ಬಂದ. ಮೀಸೆ ಕುಣಿಸಿ, ಬೆರಳು ಆಡಿಸಿ, "ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತೀಯಾ" ಎಂದ. ಹೊನ್ನಿಯ ಅಳು ಇಮ್ಮಡಿಯಾಯಿತು. ಅಣ್ಣ ಕ್ರಾಪು ಸರಿ ಮಾಡಿಕೊಂಡು "ಅಮ್ಮನ ಮೇಲಾಣೆ, ನಿನ್ನನ್ನ ಸುಮ್ನೆ ಬಿಡಲ್ಲ" ಎಂದು ಮುದ್ದಿನಿಂದ ಹೇಳಿದ. ಜುಬೇದಾಳ ಅವಳಿಗಳೂ ಎದ್ದವು. ಎಲ್ಲರೂ ನನ್ನ ಕಡೆ ತಿರುಗಿದರೆಂದು ಅನ್ನಿಸಿತು. ಎದ್ದು ಹೊರಗೆ ಹೋಗಿಬಿಡೋಣ ಎಂದು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ, ಪರದೆಯ ಮೂಲೆಯಿಂದ ಹಸಿರು ಸೀರೆಯ ಹೆಂಗಸೊಬ್ಬಳು ಕಾಫಿಯ ಟ್ರೇ ಹಿಡಿದು ಬಂದಳು. ನಲವತ್ತರ ಹತ್ತಿರದ ವಯಸ್ಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಟ್ರೇ ಕೆಳಗಿಡಲು ಅವಳಿಗೆ ತೋಚಲಿಲ್ಲವೋ ಏನೋ, ಹಿಡಿದೇ ಮುಂದಕ್ಕೆ ಬಂದು, ಪರದೆ ತುಂಬ ಅವಳ ಮುಖವಾಗುವಷ್ಟು ಹತ್ತಿರ ನಿಂತು, "ಬಂದೆ" ಎಂದಳು. ಆಮೇಲೆ ಇನ್ನೊಂದು ಸಲ, ಸ್ವಲ್ಪ ಎಳೆದು, "ಬಂದೇ." ಆಮೇಲೆ ಗುಟ್ಟು ಹೇಳುವಂತೆ. ಆಮೇಲೆ ತಾನೇ ಕಣ್ಣಾಮುಚ್ಚಾಲೆಯಲ್ಲಿ ಸಿಕ್ಕಿಬಿದ್ದವಳಂತೆ. ಇಡೀ ಪಿಕ್ಚರಿನಲ್ಲಿ ಅವಳಿಗೆ ಕೊಟ್ಟಿದ್ದ ಮಾತು ಅದೊಂದೇ ಎಂದು ಕಾಣುತ್ತದೆ. ಆ ಒಂದನ್ನೇ ಅವಳು ಅಕ್ಕಿ ಕೇರಿದಂತೆ ಕೇರಿದಳು. ಹೊನ್ನಿ ಬಿಕ್ಕಿದಳು, ಆಲಿಸಿದಳು, ಮುಷ್ಟಿ ಬಾಯಿಗಿಟ್ಟುಕೊಂಡು ಸುಮ್ಮನಾದಳು.

"ಯಪ್ಪಾ! ಕಾಫಿಯವಳು ಗೆದ್ಲು," ಎಂದಳು ಜುಬೇದಾ. ಮುಂದಿನ ದೃಶ್ಯದಲ್ಲಿ ಯಜಮಾನಿ ಆಸ್ಪತ್ರೆಯಲ್ಲಿ ಮಲಗಿದ್ದಳು. ಅದು ಹೇಗೆಂದು ಯಾರಿಗೂ ತಿಳಿಯಲಿಲ್ಲ.

ಆ ಸಂಜೆ ಹೊನ್ನಿ ಶುರು ಮಾಡಿದಾಗ ನಾನೂ ಹೇಳಿದೆ. ಬಂದೆ, ಬಂದೇ, ಬಂದೆ ಬಂದೆ. ಎಳೆದು ಹೇಳಿದೆ, ಗುಟ್ಟಾಗಿ ಹೇಳಿದೆ. ಒಂದು ತಟ್ಟೆಯನ್ನೂ ಕೈಯಲ್ಲಿ ಹಿಡಿದು ನೋಡಿದೆ. ಅವಳು ಅತ್ತು ಅತ್ತು ಕೆಂಪಾದಳು. ಅತ್ತೆ ಅಡಿಗೆಮನೆಯಿಂದ, "ಬಂದೆ ಬಂದೆ ಅಂತ ಯಾಕೆ ಬಡ್ಕೋತೀಯ ಕಾತ್ಯಾಯಿನಿ? ಬಂದಾಗಿದೆಯಲ್ಲ, ಕೂಸಿಗೆ ಕಣ್ಣಿಲ್ವಾ?" ಎಂದರು.

ಮುಂದಿನ ಬುಧವಾರವೂ ಹೋದೆವು, ಅದರ ಮುಂದಿನದಕ್ಕೂ. ಪಿಕ್ಚರು ಶತದಿನೋತ್ಸವದ ಕಡೆಗೆ ಓಡುತ್ತಿತ್ತು. ಪ್ರತಿ ವಾರವೂ ನಡುಮನೆಯ ಜಗಳ ಬಂದು ಒಳಗಿನಿಂದ "ಬಂದೆ ಅಮ್ಮಾವ್ರೆ" ಎಂಬ ದನಿ ಕೇಳಿದ ಕೂಡಲೇ ಹೊನ್ನಿ ಅಳುತ್ತಿದ್ದಳು, ಕಾಫಿಯವಳು ಸೀದಾ ನಮ್ಮ ಕಡೆಗೇ ಬರುತ್ತಿದ್ದಳು. ಮಾವನೂ ಅಣ್ಣನೂ ಈಗ ಪ್ರಯತ್ನವನ್ನೇ ಬಿಟ್ಟು ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಸಭಿಕರು ಕೈಚೀಲ ತೆರೆದು ಚಕ್ಕುಲಿ ತಿನ್ನುತ್ತಿದ್ದರು. ಅದಕ್ಕೆ ಹೊನ್ನಿಯ ಕಾಫಿ ಟೈಮು ಎಂದೇ ಹೆಸರು ಬಿತ್ತು. ಯಜಮಾನಿ ಆಸ್ಪತ್ರೆ ಸೇರಿದ್ದರ ಬಗ್ಗೆ ನಮ್ಮ ಸಾಲಿನಲ್ಲಿ ನಾಲ್ಕು ವಾದಗಳಿದ್ದವು. ಮೆಟ್ಟಿಲಿನಿಂದ ಬಿದ್ದಳು ಎಂದು ಜುಬೇದಾ. ಎದೆನೋವು ಎಂದು ನಾನು. ಸುಮ್ಮನೆ ನಾಟಕ ಎಂದು ಶಿವನಂಜ. ಏನೂ ಆಗಿಲ್ಲ, ಯಾರನ್ನೋ ನೋಡಲು ಹೋಗಿ ಸುಸ್ತಾಗಿ ಮಲಗಿದ್ದಾಳೆ ಎಂದು ಹಿಂದಿನ ಸಾಲಿನ ಒಬ್ಬ ಬಾಣಂತಿ.

ಮೊದಲ ವಾರಗಳಲ್ಲಿ ಕಾಫಿಯವಳಿಗೆ ಕೈ ಮುಗಿಯಬೇಕೆನಿಸುತ್ತಿತ್ತು. ಆರನೆಯ ವಾರಕ್ಕೆ ಅವಳನ್ನು ಕಂಡರೆ ಹೊಟ್ಟೆ ಉರಿಯತೊಡಗಿತು. ಇವಳು ಹೆತ್ತಿಲ್ಲ, ಹಾಲೂಡಿಲ್ಲ, ಬಟ್ಟೆ ಒಗೆದಿಲ್ಲ. ವಾರಕ್ಕೊಮ್ಮೆ ಟ್ರೇ ಹಿಡಿದುಕೊಂಡು ಬಂದು ಒಂದು ಮಾತು ಹೇಳಿ ನನ್ನ ಮಗಳನ್ನು ಗೆದ್ದುಕೊಂಡು ಹೋಗುತ್ತಾಳೆ. ಮನೆಯಲ್ಲಿ ನಾನು ಏಳು ಸಂಜೆ ಸೋಲುತ್ತೇನೆ. ಒಂದು ಬುಧವಾರ ಆಟ ಬಿಟ್ಟ ಮೇಲೆ ಜುಬೇದಾಳಿಗೆ ಇದನ್ನು ಹೇಳಿಬಿಟ್ಟೆ.

"ಅವಳ ಮಾತೇ ಹೇಳ್ತೀನಿ ಜುಬೇದಾ, ಅವಳ ಹಾಗೇ ಹೇಳ್ತೀನಿ. ನಂಗೆ ಮಾತ್ರ ಸುಮ್ಮನಾಗಲ್ಲ."

ಅವಳು ಒಂದು ಅವಳಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದರ ಮೂಗು ಒರೆಸುತ್ತಾ, "ನೋಡು ಮಾರಾಯ್ತಿ, ಬೇಜಾರು ಮಾಡ್ಕೋಬೇಡ," ಎಂದಳು. "ನಿನ್ನ ಬಾಯಿ ಬಂದೆ ಅನ್ತದೆ, ಮುಖ 'ಸಾಕು ಮಾಡೇ' ಅನ್ತದೆ. ಕೂಸಿಗೆ ಕನ್ನಡ ಬರಲ್ಲ. ಅದು ಮುಖಾನೇ ಓದೋದು."

ಬೇಜಾರಾಯಿತು. ಅವಳು ಹೇಳಿದ್ದು ಸರಿ ಎಂದು ಗೊತ್ತಿದ್ದುದರಿಂದ ಇನ್ನೂ ಬೇಜಾರಾಯಿತು. ಆದರೆ ಸರಿ ಎಂದು ಗೊತ್ತಾದ ಮಾತ್ರಕ್ಕೆ ಮುಖ ಬದಲಾಗುವುದಿಲ್ಲ. ಸಂಜೆ ಕನ್ನಡಿಯ ಮುಂದೆ ನಿಂತು ಹೊನ್ನಿಯನ್ನೆತ್ತಿಕೊಂಡು ನೋಡಿದೆ. ಹುಬ್ಬಿನ ನಡುವೆ ಎರಡು ಗೆರೆ. ಅದನ್ನು ಅಳಿಸಲು ಹೋದರೆ ಮೂರಾಗುತ್ತಿತ್ತು.

ಹನ್ನೆರಡನೆಯ ವಾರ, ಮಂಗಳವಾರ ಬೆಳಿಗ್ಗೆ, ಹೊನ್ನಿಗೆ ರಾಗಿಸರಿ ತಿನ್ನಿಸುತ್ತಿದ್ದೆ. ಚಮಚ ಬಾಯೊಳಗೆ ಟಿಣ್ ಎಂದಿತು. ಬೆರಳಿಟ್ಟು ನೋಡಿದೆ. ಕೆಳವಸಡಿನಲ್ಲಿ ಅಕ್ಕಿಕಾಳು. ತಾಯಿಯಾದವಳು ಆ ಸದ್ದಿಗೆ ಕುಣಿದು ಮನೆಯವರನ್ನೆಲ್ಲ ಕರೆಯಬೇಕು. ನಾನು ಚಮಚವನ್ನು ಸೆರಗಿನಲ್ಲಿ ಒರೆಸಿ ಅತ್ತ ಇತ್ತ ನೋಡಿದೆ. ಅತ್ತೆ ಹೊರಗೆ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು, ತಲೆಯೆತ್ತಲಿಲ್ಲ. ಇನ್ನು ಕಾಫಿಯವಳಿಗೆ ಇವಳ ಅಳು ಕೇಳುವುದಿಲ್ಲ. ವಾರಕ್ಕೊಂದು ದಿನವಾದರೂ ನನ್ನ ಮಗಳನ್ನು ಯಾರೋ ಸುಮ್ಮನಾಗಿಸುತ್ತಾರೆ ಎಂಬ ಒಂದು ಧೈರ್ಯವಿತ್ತು, ಅದೂ ಹೋಯಿತು. ಅವಳ ಮೇಲೆ ಹೊಟ್ಟೆಕಿಚ್ಚುಪಟ್ಟವಳಿಗೆ ಈಗ ಅವಳಿಲ್ಲದೆ ಹೇಗೆ ಎಂಬ ಚಿಂತೆ ಹತ್ತಿತು. ಇನ್ನೊಂದೇ ಒಂದು ಬುಧವಾರ ಎಂದುಕೊಂಡೆ. ಇವತ್ತು ತಾನೇ ಬಂದ ಹಲ್ಲು, ಪರದೆಯವರಿಗೆ ಅಷ್ಟು ಬೇಗ ಹೇಗೆ ಗೊತ್ತಾಗಬೇಕು?

ಮಾರನೆಯ ದಿನ ದಾರಿಯಲ್ಲಿ ಶಿವನಂಜನಿಗೆ ಹೇಳದೆ ಇರಲಾಗಲಿಲ್ಲ. "ರೀ, ಒಂದು ಮಾತು."

"ಹಲ್ಲು ಬಂದಿರೋದು ತಾನೆ?"

ನಾನು ನಿಂತೇಬಿಟ್ಟೆ. "ನಿಮಗೆ ಯಾರು ಹೇಳಿದ್ದು?"

"ಅಮ್ಮಂಗೆ ಚಮಚದ ಸದ್ದು ಜಗಲಿಗೇ ಕೇಳಿಸ್ತಂತೆ. 'ಅವಳಾಗಿ ಹೇಳೋವರ್ಗೂ ಬಾಯಿ ಬಿಡಬೇಡ. ಒಂದು ಪಿಕ್ಚರು ನೋಡ್ಕೊಂಡು ಬರ್ಲಿ ಪಾಪ' ಅಂದ್ರು." ಅತ್ತೆ ನನ್ನ ವಿಷಯಕ್ಕೆ ಪಾಪ ಎಂಬ ಮಾತು ಬಳಸಿದ್ದು ನಾನು ಕೇಳಿದ ಮಟ್ಟಿಗೆ ಅದೇ ಮೊದಲು.

ಗೇಟು ಹತ್ತಿರವಾಗುತ್ತಿದ್ದಂತೆ ಹೊನ್ನಿಯನ್ನು ಸೆರಗಿನೊಳಗೆ ತೆಗೆದುಕೊಂಡು ಎದೆಗೆ ಹಾಕಿಕೊಂಡೆ. ಅಂದಾನಪ್ಪ ಬೆರಳು ತೊಳೆದು ಮುಂದೆ ಚಾಚಿದರು. "ಹಾಲು ಕುಡೀತಿದೆ ಅಂದಾನಪ್ಪೋರೆ," ಎಂದೆ.

"ಓ, ಹಂಗಾದ್ರೆ ಬಿಡಿಸ್ಬೇಡಿ ಪಾಪ," ಎಂದು ಅವರು ಬೆರಳು ಹಿಂದಕ್ಕೆಳೆದುಕೊಳ್ಳುವುದಕ್ಕೂ, ಹೊನ್ನಿ ಕಚ್ಚುವುದಕ್ಕೂ ಸರಿಹೋಯಿತು. ನನ್ನ ಕಣ್ಣಲ್ಲಿ ನೀರು ಚಿಮ್ಮಿತು. ಹಲ್ಲು ಕಚ್ಚಿ ನಿಂತೆ.

"ಕಚ್ಚಿತಾ?" ಎಂದರು ಅಂದಾನಪ್ಪ.

"ಇಲ್ಲಪ್ಪ."

"ಮತ್ತೆ? ಇಲ್ಲದ ಹಲ್ಲು ಎಲ್ಲಾದ್ರೂ ಕಚ್ತದಾ?" ಅವರು ಆಕಾಶ ನೋಡುತ್ತಾ ಹೇಳಿದರು. "ಪಾಸು. ಬಾಗಿಲ ಹತ್ರದ ಕುರ್ಚೀಲಿ ಕೂತ್ಕೊಳ್ಳಿ."

ನಾನು ಬಾಗಿಲ ಹತ್ತಿರ ಕೂರಲಿಲ್ಲ, ಜುಬೇದಾಳ ಪಕ್ಕ ನಮ್ಮ ಕುರ್ಚಿಗಳಿಗೇ ಹೋದೆ. ಪಿಕ್ಚರು ಶುರುವಾಯಿತು. ಬೇರೆ ಬೇರೆ ಕೂಸುಗಳು ಅತ್ತವು, ಬೇರೆ ಬೇರೆ ದೃಶ್ಯಗಳು ತಪ್ಪಿಹೋದವು. ನಡುಮನೆ ಬಂತು. ಪಾಲಿನ ಜಗಳ ಬಂತು. ಸಭಿಕರು ಚಕ್ಕುಲಿ ಹೊರಗೆ ತೆಗೆದರು. "ಏಯ್, ಕಾಫಿ!" ಎಂದಳು ಯಜಮಾನಿ. "ಬಂದೆ ಅಮ್ಮಾವ್ರೆ." ಹೊನ್ನಿ ಯಾವತ್ತಿನಂತೆ ಎದೆಯುಬ್ಬಿಸಿ ಕಿರುಚಿದಳು.

ಜಗಳ ನಿಲ್ಲಲಿಲ್ಲ. ಅಣ್ಣ ಮೇಜು ಗುದ್ದಿದ, ಮಾವ ನಕ್ಕ. ಚಕ್ಕುಲಿ ಹಿಡಿದ ಕೈಗಳು ಹಾಗೇ ನಿಂತವು. "ಅಯ್ಯೋ, ಕಾತ್ಯಾಯಿನೀ!" ಎಂದು ಜುಬೇದಾ ಪಿಸುಗುಟ್ಟಿದಳು, ಅವಳಿಗೆ ಆ ಕ್ಷಣವೇ ಅರ್ಥವಾಗಿತ್ತು. ಕಾಫಿಯವಳು ಟ್ರೇ ಹಿಡಿದು ಬಂದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಸಲವಾದರೂ ಈ ಕಡೆ ತಿರುಗುತ್ತಾಳೇನೋ ಎಂದು. ಅವಳು ನಮ್ಮ ಕಡೆ ನೋಡದೆ, ನಡುಮನೆಯನ್ನು ದಾಟಿ, ಮೂಲೆಯ ಸಣ್ಣ ಮೇಜಿನ ಮೇಲೆ ಟ್ರೇ ಇಟ್ಟಳು. ಇಟ್ಟಳು! ಹನ್ನೊಂದು ವಾರದಲ್ಲಿ ಅವಳ ಎರಡು ಕೈಗಳನ್ನು ನಾವು ಖಾಲಿಯಾಗಿ ಕಂಡಿರಲಿಲ್ಲ.

"ಎಲ್ಲಿಗೆ ಹೋಗಿದ್ಯೇ ಇಷ್ಟೊತ್ತು?" ಎಂದು ಯಜಮಾನಿ ಗದರಿದಳು.

"ಎಲ್ಲಿಗೂ ಹೋಗ್ಲಿಲ್ಲ ಅಮ್ಮಾವ್ರೆ," ಎಂದಳು ಅವಳು. "ಇಲ್ಲೇ ಇದ್ದೆ."

ಅವಳಿಗೆ ಇನ್ನೊಂದು ಮಾತಿತ್ತು. ನನ್ನ ಮಗಳು ಪ್ರತಿ ವಾರ ಅದಕ್ಕೆ ಮೊದಲೇ ಅತ್ತದ್ದರಿಂದ ಆ ದೃಶ್ಯ ಅಲ್ಲಿಯ ತನಕ ಬಂದೇ ಇರಲಿಲ್ಲ. ಅವಳು ಅದನ್ನು ದೊಡ್ಡದಾಗಿ ಹೇಳಲಿಲ್ಲ. ಬೈಸಿಕೊಂಡವಳ ದುಃಖವೂ ಇರಲಿಲ್ಲ, ಎದುರುತ್ತರವೂ ಅಲ್ಲ. ಗೋಡೆಯಲ್ಲಿ ಮೊಳೆ ಇದೆ ಎನ್ನುವ ಹಾಗೆ ಹೇಳಿ ಕಿಟಕಿ ಮುಚ್ಚಲು ಹೋದಳು. ಹೊನ್ನಿ ನನ್ನ ಕಿವಿಯ ಬಳಿ ಅರಚುತ್ತಲೇ ಇದ್ದಳು. ಅವಳನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಡುದಾರಿಗೆ ಬಂದೆ. ಶಿವನಂಜ ಕೈ ಚಾಚಿದರು, ಬೇಡ ಎಂದೆ. ಇನ್ನು ಯಾರೂ ಬರುವುದಿಲ್ಲ ಎಂದು ಖಚಿತವಾದ ಮೇಲೆ ಒಂದು ಥರದ ಹಗುರ ಬಂದುಬಿಟ್ಟಿತ್ತು. ಬೇರೆ ಯಾರಾದರೂ ಬಂದು ನನಗಿಂತ ಚೆನ್ನಾಗಿ ಮಾಡುತ್ತಾರೆ ಎಂಬುದೂ ಅದರೊಂದಿಗೆ ಹೋಯಿತು. "ಇಲ್ಲೇ ಇದೀನಿ ಕಣೇ," ಎಂದೆ ಅವಳಿಗೆ. "ಅಳು. ಎಷ್ಟು ಬೇಕೋ ಅಷ್ಟು ಅಳು. ನಾನೆಲ್ಲಿಗೆ ಹೋಗ್ಲಿ?" ಅವಳು ಹೊಸ ಹಲ್ಲಿನಿಂದ ನನ್ನ ಹೆಗಲು ಕಚ್ಚಿದಳು. "ಕಚ್ಚೂ," ಎಂದೆ.

ಅಷ್ಟರಲ್ಲಿ ಪರದೆಯ ಮೇಲೆ ಮಾವ ಅತ್ತ ಇತ್ತ ನೋಡಿದ. ಕಾಫಿಯವಳು ಕಿಟಕಿಯ ಕಡೆ ಮುಖ ಮಾಡಿ ಕದ ಎಳೆಯುತ್ತಿದ್ದಳು, ಅವಳಿಗೆ ಕಾಣಲಿಲ್ಲ. ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದು ಕಾಫಿಯ ಲೋಟಕ್ಕೆ ಕೊಡವಿದ.

ಇಡೀ ಟಾಕೀಸು ಹೌಹಾರಿತು. "ವಿಷ!" ಎಂದು ಜುಬೇದಾ ಎದ್ದು ನಿಂತಳು. "ಕಾಫೀಲಿ ವಿಷ ಕಣ್ರೇ! ಅದಕ್ಕೇ ಆಸ್ಪತ್ರೆ!" ಹನ್ನೊಂದು ವಾರ ಆ ಕಾಫಿಯನ್ನು ನಮ್ಮ ಕಣ್ಣೆದುರು ಯಾರೂ ಕುಡಿಯದಂತೆ ತಡೆದದ್ದು ನನ್ನ ಹೊನ್ನಿ. ಕಾಫಿಯವಳು ತಿರುಗಿ ಬಂದು, ಏನೂ ಅರಿಯದೆ, ಲೋಟವನ್ನು ಯಜಮಾನಿಯ ಕೈಗೆ ಕೊಟ್ಟಳು. "ಕುಡೀಬೇಡಿ!" ಎಂದು ಕೂಗಿದವರಲ್ಲಿ ನಾನೇ ಮೊದಲಿಗಳು. ಹಿಂದಿನ ಸಾಲಿನ ಬಾಣಂತಿ ಕೂಸನ್ನು ಗಂಡನ ಮಡಿಲಿಗೆ ಹಾಕಿ ಕುರ್ಚಿ ಹತ್ತಿದಳು. "ಏ ಮೀಸೆ ಮಾವ, ನಿನ್ನನ್ನ ನಂಬಿ ನಮ್ ಮಕ್ಕಳನ್ನ ನಗಿಸಕ್ಕೆ ಬಿಟ್ಟಿದ್ವಲ್ಲೋ!" ಎಂದು ಯಾರೋ ಬೈದರು. ಯಜಮಾನಿ ಕುಡಿದಳು. ಕುಸಿದಳು. ಕಾಫಿಯವಳನ್ನು ಎಲ್ಲರೂ ಸುತ್ತುವರಿದರು, ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಪೊಲೀಸರು ಬಂದರು. ಹೀಗೂ ಒಂದು ಕಥೆಯಿತ್ತೇ ಇದರೊಳಗೆ! ಮುಂದೆ ಏನು, ಮುಂದೆ ಏನು ಎಂದು ನಾನು ನಡುದಾರಿಯಲ್ಲಿ ಒಂದೊಂದೇ ಹೆಜ್ಜೆ ಪರದೆಯ ಕಡೆಗೆ ಸರಿಯುತ್ತಾ ಹೋದೆ. ಆಸ್ಪತ್ರೆ ಕಳೆಯಿತು, ಪ್ರತಿ ವಾರ ಯಾವುದಾದರೂ ಕೂಸಿನ ಅಳುವಿಗೆ ಸಿಕ್ಕಿ ತಪ್ಪಿಹೋಗುತ್ತಿದ್ದ ಕೋರ್ಟು ಬಂತು. ಅವಳನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರು.

ಯಾರೋ ಬೆನ್ನು ಮುಟ್ಟಿದರು. ಶಿವನಂಜ. ಅವರು ನನ್ನ ಹೆಗಲನ್ನು ಬಗ್ಗಿ ನೋಡಿ ಪಿಸುಮಾತಿನಲ್ಲಿ, "ಯಾವಾಗ ಸುಮ್ಮನಾದ್ಲು?" ಎಂದರು.

"ಯಾರು?" ಎಂದೆ ನಾನು.